ಮಾನ್ವಿಯ ಜೀರುಂಡೆಗೆ ಮಾನ್ವಿಯ ಚೀಟಿ

ರಾಯಚೂರಿನ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹುಳಗಳು ಹುಟ್ಟುತ್ತಲೂ ಇರಲಿಲ್ಲ, ಸಾಯುತ್ತಲೂ ಇರಲಿಲ್ಲ. ಕೈಯಿಂದ ಕೈಗೆ ದಾಟುತ್ತಿದ್ದವು, ಅಷ್ಟೆ. ಬಿ.ಎಸ್ಸಿ. ಕೊನೆಯ ವರ್ಷದವರು ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ಕೀಟದ ಪೆಟ್ಟಿಗೆ ಒಪ್ಪಿಸಬೇಕು ಎಂಬುದು ನಿಯಮ. ತಾವೇ ಹುಳ ಹಿಡಿಯಬೇಕು, ಸೂಜಿಗೆ ಚುಚ್ಚಬೇಕು, ಕೆಳಗೆ ಚೀಟಿ ಅಂಟಿಸಿ ಹೆಸರು, ಸಿಕ್ಕ ಊರು, ತಿಂಗಳು, ಹಿಡಿದವರು ಯಾರು ಎಂದು ಬರೆಯಬೇಕು. ನಡೆಯುತ್ತಿದ್ದದ್ದೇ ಬೇರೆ. ಪಾಸಾಗಿ ಹೋಗುವವರು ತಮ್ಮ ಪೆಟ್ಟಿಗೆಯನ್ನು ಹಾಸ್ಟೆಲ್ಲಿನಲ್ಲಿ ಮುಂದಿನವರಿಗೆ ದಾಟಿಸುತ್ತಿದ್ದರು. ಮುಂದಿನವರು ಹಳೆಯ ಚೀಟಿ ಕಿತ್ತು ತಮ್ಮ ಹೆಸರಿನ ಹೊಸ ಚೀಟಿ ಹಚ್ಚುತ್ತಿದ್ದರು. ಮೂಲದಲ್ಲಿ ಆ ಹುಳಗಳು ಧಾರವಾಡದ ಕಡೆಯಿಂದಲೋ ಕಾರವಾರದ ಕಡೆಯಿಂದಲೋ ಯಾವ ಕಾಲದಲ್ಲಿ ಬಂದಿದ್ದವೋ ದೇವರಿಗೇ ಗೊತ್ತು. ಚೀಟಿಯಲ್ಲಿ ಮಾತ್ರ ಎಲ್ಲವೂ ರಾಯಚೂರು. ಒಂದು ರೆಕ್ಕೆ ಮುಕ್ಕಾದ ದೊಡ್ಡ ಪತಂಗವಿತ್ತು. ಅದು ಎಷ್ಟು ಜನರನ್ನು ಪದವೀಧರರನ್ನಾಗಿ ಮಾಡಿತ್ತೋ ಲೆಕ್ಕವಿಲ್ಲ. ಪರೀಕ್ಷೆ ಮಾಡಲು ಹೊರಗಿನಿಂದ ಬರುವವರಿಗೂ ಇದು ಗೊತ್ತಿತ್ತು, ಅವರೂ ಹಾಗೆಯೇ ಪಾಸಾದವರು.

ನನಗೆ ಪೆಟ್ಟಿಗೆ ಸಿಗಲಿಲ್ಲ. ಕೇಳಲಿಲ್ಲ ಎಂದಲ್ಲ, ಕೇಳಿದೆ. ಮೇಲಿನ ತರಗತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಆಗ್ಲೇ ಕೊಟ್ಟಾಗೇದ," ಅಂದರು. ಪೆಟ್ಟಿಗೆಗಳು ತಮ್ಮ ತಮ್ಮವರ ನಡುವೆಯೇ ದಾಟುತ್ತಿದ್ದವು. ನಮ್ಮ ಓಣಿಯಿಂದ ಆ ವಿಭಾಗಕ್ಕೆ ನನಗಿಂತ ಮುಂಚೆ ಕಾಲಿಟ್ಟವರು ಯಾರೂ ಇರಲಿಲ್ಲ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ, ಅವ್ವ ಅದೇ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವವಳು. ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದನ್ನು ನೋಡಿದ ಮೇಲೆ ನಮ್ಮನ್ನು ಇನ್ನೇನೂ ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ನಿಧಾನಕ್ಕೆ ಹೋಗುತ್ತದೆ. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಸರಿ, ನಿಯಮ ಹೇಳಿದಂತೆಯೇ ಮಾಡುತ್ತೇನೆ ಅಂದುಕೊಂಡೆ. ಅವ್ವನ ಹಳೆಯ ಸೀರೆ ಹರಿದು, ಬುಟ್ಟಿಯ ತಂತಿ ಬಾಗಿಸಿ ಬಲೆ ಹೊಲಿದೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು.

"ಡಿಗ್ರಿ ಓದ್ತೀನಂತ ಹೋಗಿ ಹುಳ ಹಿಡಿಯಾಕತ್ತೀಯಲ್ಲಬೇ. ಇದಕ್ಕ ಕಾಲೇಜ್ಯಾಕ ಬೇಕಿತ್ತು?"

"ಎಲ್ಲಾರೂ ಸುಳ್ಳು ಹುಳ ಇಡ್ತಾರವ್ವಾ. ನಾ ಖರೇ ಹುಳ ಇಡ್ತೀನಿ."

"ಇಡು. ಮನ್ಯಾಗ ಮಾತ್ರ ಬಿಡಬ್ಯಾಡ."

ಅದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಮಾನ್ವಿಯ ಹೊರಗೆ ನಮ್ಮ ಅಜ್ಜಿಯ ಮನೆ, ಮನೆಯ ಮುಂದೆ ದೊಡ್ಡ ಬೇವಿನ ಮರ. ರಜೆಗೆ ಹೋದಾಗಲೆಲ್ಲ ಆ ಮರದಲ್ಲಿ ಜೀರುಂಡೆಗಳು ಕೂಗುವುದನ್ನು ಕೇಳುತ್ತಲೇ ನಾನು ಬೆಳೆದವಳು. ಜೀರುಂಡೆ ಅಂದರೆ ಕೆಲವರಿಗೆ ದುಂಬಿ. ನಾನು ಹೇಳುತ್ತಿರುವುದು ಮರದ ಬೊಡ್ಡೆಗೆ ಅಂಟಿ ಕೂತು ಕಿರ್ರೋ ಎಂದು ಕಿವಿ ಹರಿಯುವಂತೆ ಒದರುವುದನ್ನು. ಪಠ್ಯಪುಸ್ತಕದಲ್ಲಿ ಅದಕ್ಕೆ ಸಿಕಾಡ ಎನ್ನುತ್ತಾರೆ. ಒದರುವುದು ಗಂಡು ಮಾತ್ರ, ಹೊಟ್ಟೆಯ ಬುಡದಲ್ಲಿ ಅದಕ್ಕೆ ಎರಡು ತಮಟೆಗಳಿರುತ್ತವೆ. ಹೆಣ್ಣು ಸುಮ್ಮನಿರುತ್ತದೆ. ಅಜ್ಜಿ, "ಒದರೂದು ನಿಮ್ಮ ತಾತನ ಹಂಗ," ಎಂದು ನಗುತ್ತಿದ್ದಳು. ತಾತ ಕೇಳಿಸಿಕೊಂಡೂ ಕೇಳಿಸದವನಂತೆ ಬೀಡಿ ಸೇದುತ್ತಿದ್ದ.

ಹಗಲೆಲ್ಲ ಆ ಮರದ ಕೆಳಗೆ ಕೂತೆ. ಅದರ ಬಣ್ಣವೂ ತೊಗಟೆಯ ಬಣ್ಣವೂ ಒಂದೇ. ಕಿವಿಯ ಹತ್ತಿರವೇ ಒದರುತ್ತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಕೊನೆಗೊಂದು ಬಲೆಗೆ ಬಿತ್ತು. ಬೀಳುವಾಗ ಎಡ ರೆಕ್ಕೆಯ ತುದಿ ತಂತಿಗೆ ಸಿಕ್ಕು ಸ್ವಲ್ಪ ಹರಿಯಿತು. ಅಗಲ ತಲೆ, ಮೇಲಿನ ರೆಕ್ಕೆಯ ಬುಡದಲ್ಲಿ ಮಬ್ಬು ಕಂದು, ಬಿಚ್ಚಿದರೆ ಒಳಗಿನ ರೆಕ್ಕೆಯಲ್ಲಿ ಹಳದಿ. ಎಷ್ಟು ಚೆಂದ ಇತ್ತೆಂದರೆ ಕೊಲ್ಲುವ ಔಷಧದ ಸೀಸೆಗೆ ಹಾಕುವಾಗ ನನಗೆ ಸಂಕಟವಾಯಿತು.

ಹುಳಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಪೊರೆ. ಈ ಜೀರುಂಡೆ ಮರಿಯಾಗಿದ್ದಾಗ ವರ್ಷಗಟ್ಟಲೆ ನೆಲದೊಳಗೇ ಇದ್ದು ಬೇರಿನ ರಸ ಕುಡಿಯುತ್ತದೆ. ಸಮಯ ಬಂದಾಗ ಮಣ್ಣು ತೋಡಿಕೊಂಡು ಮೇಲೆ ಬಂದು, ಬೊಡ್ಡೆ ಹತ್ತಿ, ಬೆನ್ನು ಸೀಳಿಕೊಂಡು ಹೊರಬಿದ್ದು ಹಾರಿಹೋಗುತ್ತದೆ. ಖಾಲಿ ಪೊರೆ ಅಲ್ಲೇ ಬೊಡ್ಡೆಗೆ ಕಚ್ಚಿಕೊಂಡಿರುತ್ತದೆ, ಕಾಲು, ಕಣ್ಣು, ಮೀಸೆ ಸಮೇತ. ಅಜ್ಜಿಯ ಮರದ ಪೊರೆಗಳ ಮೇಲೆಲ್ಲ ಎರೆ ಮಣ್ಣು ಮೆತ್ತಿ ಒಣಗಿತ್ತು. ನಮ್ಮ ಮಾನ್ವಿಯ ಕರಿ ಎರೆ, ಮಳೆಗಾಲದಲ್ಲಿ ಚಪ್ಪಲಿಗೆ ಅಂಟಿದರೆ ಬಿಡದ ಮಣ್ಣು. ರೆಕ್ಕೆಯಿರುವ ಹುಳವನ್ನು ಎಲ್ಲಿಂದಾದರೂ ತರಬಹುದು. ಈ ಪೊರೆ ಮಾತ್ರ ಯಾವ ನೆಲದಲ್ಲಿ ಬೆಳೆಯಿತೋ ಆ ನೆಲವನ್ನು ಮೈಮೇಲೆ ಹೊತ್ತುಕೊಂಡೇ ಬಂದಿತ್ತು. ಮಣ್ಣು ಉದುರದಂತೆ ಅವನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟುಕೊಂಡೆ.

ಆಮೇಲೆ ಅದೊಂದು ಹುಚ್ಚೇ ಆಯಿತು. ಉಳಿದ ಹುಳಗಳನ್ನು ನಿಯಮಕ್ಕೆ ಬೇಕಾದಷ್ಟು ಹಿಡಿದೆ, ಮನಸ್ಸೆಲ್ಲ ಇದರ ಮೇಲೆಯೇ. ದೇವದುರ್ಗದ ಕಡೆ ಗಬ್ಬೂರಿನಲ್ಲಿ ದೊಡ್ಡವ್ವನ ಮನೆಯಿತ್ತು. ಅಲ್ಲಿಯೂ ಬೇವಿನ ಮರದಲ್ಲಿ ಅದೇ ಕೂಗು, ಅದೇ ಪೊರೆ. ಗಿಲ್ಲೆಸುಗೂರಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿ ನಾನು ನಿಂತ ಹೊಲ ಮಸಾರಿ, ಪೊರೆಯ ಮೇಲೂ ಕೆಂಪು ಮಣ್ಣು. ರಾಯಚೂರಿನ ಕೋಟೆಯ ಮಗ್ಗುಲ ಹುಣಸೆ ಮರದಲ್ಲಿಯೂ ಸಿಕ್ಕಿತು. ಸಿಗದಿದ್ದದ್ದು ಒಂದೇ ಕಡೆ, ಮಾನ್ವಿಯ ಕಾಲುವೆ ದಂಡೆಯ ಭತ್ತದ ಗದ್ದೆಗಳ ನಡುವಿನ ಮರಗಳಲ್ಲಿ. ತಿಂಗಳುಗಟ್ಟಲೆ ನೀರು ನಿಂತ ನೆಲದೊಳಗೆ ಮರಿ ಉಸಿರು ಕಟ್ಟಿ ಸಾಯುತ್ತದೇನೋ ಎಂದು ಊಹಿಸಿದೆ. ಕಾಲುವೆಯ ಆಚೆ ಒಣ ಹೊಲದ ಮರದಲ್ಲಿ ಮತ್ತೆ ಕೂಗು ಶುರುವಾಗುತ್ತಿತ್ತು. ಬಲೆ ಹಿಡಿದು ಬಸ್ ಹತ್ತಿದರೆ ಕಂಡಕ್ಟರ್ ಕೇಳುತ್ತಿದ್ದ, "ಏನ್ ತಂಗಿ, ಮೀನಾ?" "ಹೂಂ, ಗಿಡದಾಗಿನ ಮೀನ," ಎಂದು ಟಿಕೆಟ್ ತೆಗೆದುಕೊಳ್ಳುತ್ತಿದ್ದೆ.

ಹೆಸರು ಹುಡುಕಬೇಕಲ್ಲ. ವಿಭಾಗದ ಕಪಾಟಿನಲ್ಲಿ ಬ್ರಿಟಿಷರ ಕಾಲದ ದಪ್ಪ ಪುಸ್ತಕವೊಂದಿತ್ತು. ರೆಕ್ಕೆಯ ನರಗಳು ಹೇಗಿವೆ, ತಮಟೆಯ ಮುಚ್ಚಳ ಎಷ್ಟು ಉದ್ದ, ತಲೆ ಎಷ್ಟು ಅಗಲ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದರೆ ಕೊನೆಗೆ ಹುಳದ ಹೆಸರು ಸಿಗುತ್ತದೆ. ನನಗೆ ಸಿಕ್ಕಿತು. ಲ್ಯಾಟಿನ್ ಹೆಸರು ಆಕ್ಟೋಗಟ್ಟಾಟ, ಅಂದರೆ ಎಂಟು ಚುಕ್ಕೆಯದು. ಪುಸ್ತಕ ಅದನ್ನು ಒಂದು ಕುಲಕ್ಕೆ ಸೇರಿಸಿತ್ತು. ನಮ್ಮ ಮೇಷ್ಟ್ರು ಅದರ ಮೇಲೆ ಪೆನ್ಸಿಲ್ಲಿನಿಂದ ಗೀಟು ಹೊಡೆದು, ಈಗಿನವರು ಒಪ್ಪಿದ ಕುಲದ ಹೆಸರು ಪ್ಲಾಟಿಪ್ಲ್ಯೂರಾ ಎಂದು ಬರೆದಿದ್ದರು.

ಅದರ ಕೆಳಗೆ ಹುಳ ಎಲ್ಲೆಲ್ಲಿ ಸಿಗುತ್ತದೆ ಎಂದು ಊರುಗಳ ಸಾಲು. ಒಂದಷ್ಟು ಗಿರಿಧಾಮಗಳು, ಒಂದಷ್ಟು ದಂಡಿನ ಊರುಗಳು. ಓದುತ್ತಾ ಓದುತ್ತಾ ನನಗೆ ನಗು ಬಂತು. ಅವು ಹುಳ ಇರುವ ಊರುಗಳಾಗಿರಲಿಲ್ಲ. ಸಾಹೇಬರು ಇದ್ದ ಊರುಗಳಾಗಿದ್ದವು. ಬಂಗಲೆಯ ಜಗಲಿಯಲ್ಲಿ ಚಹಾ ಕುಡಿಯುತ್ತಾ ಕೂತವರ ಕೈಗೆ ಸಿಕ್ಕದ್ದು ಪುಸ್ತಕ ಸೇರಿತು. ನಮ್ಮದು ನಿಜಾಮನ ಸೀಮೆ, ಇಲ್ಲಿಗೆ ಬಲೆ ಹಿಡಿದು ಯಾವ ಸಾಹೇಬ ಬಂದಿದ್ದ? ಮಾನ್ವಿಯ ಬಿಸಿಲಿಗೆ ಅವನು ಟೊಪ್ಪಿಗೆ ತೆಗೆಯುವಷ್ಟರಲ್ಲಿ ಬೆಂದು ಹೋಗುತ್ತಿದ್ದ. ಅವನು ಬರಲಿಲ್ಲವೆಂದು ಹುಳ ಹುಟ್ಟುವುದನ್ನು ಬಿಟ್ಟಿರಲಿಲ್ಲ. ಆ ಸಾಲಿನಲ್ಲಿ ಮಾನ್ವಿ, ಗಬ್ಬೂರು, ರಾಯಚೂರು ಸೇರಬೇಕು ಅನಿಸಿತು. ಪುಸ್ತಕದಲ್ಲಿ ನಾನು ಬರೆಯುವಂತಿಲ್ಲ. ನನ್ನ ಚೀಟಿಯಲ್ಲಿ ಬರೆಯಬಹುದಿತ್ತು. ಬರೆದೆ: ಮಾನ್ವಿ, ಬೇವಿನ ಮರ, ಮೇ.

ಪರೀಕ್ಷೆಗೆ ಮುಂಚೆ ಮೇಷ್ಟ್ರು ಎಲ್ಲರ ಪೆಟ್ಟಿಗೆ ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಮೈಸೂರು ಕಡೆಯವರು, ಯಾರಿಗೂ ದನಿ ಎತ್ತಿ ಮಾತಾಡಿದವರಲ್ಲ. ನನ್ನ ಜೀರುಂಡೆ ನೋಡಿ ಅವರ ಮುಖ ಅರಳಿತು. ಚೀಟಿ ನೋಡಿ ಬಾಡಿತು.

"ನೋಡಮ್ಮ, ಇದು ಘಟ್ಟದ ಕೀಟ ಅಂತ ಎಲ್ಲರೂ ತಿಳಿದಿರೋದು. ಮಾನ್ವಿ ಅಂತ ಬರೆದರೆ ಹೊರಗಿನವರು ನಗ್ತಾರೆ. ಯಾರದೋ ಹಳೆ ಪೆಟ್ಟಿಗೆಯಿಂದ ಕಿತ್ತು ತಂದಿದ್ದಾಳೆ ಅಂತಾರೆ. ಪಶ್ಚಿಮ ಘಟ್ಟ ಅಂತ ಬರೆದುಬಿಡು. ಪ್ರವಾಸ ಹೋದಾಗ ಹಿಡಿದೆ ಅನ್ನು."

"ನಾ ಘಟ್ಟ ನೋಡೇ ಇಲ್ರೀ ಸರ್."

"ಅದನ್ನ ಯಾರು ಕೇಳ್ತಾರೆ? ನಿನಗೆ ಫಸ್ಟ್ ಕ್ಲಾಸ್ ಬೇಕು ತಾನೆ? ಅದಿಲ್ಲದೆ ಎಂ.ಎಸ್ಸಿ. ಸೀಟು ಸಿಗಲ್ಲ. ಮತ್ತೆ ಈ ಪೊರೆಗಳು... ಎಷ್ಟು ಮಣ್ಣು! ತೊಳೆದು ಇಡು. ನಿನ್ನ ಒಳ್ಳೆಯದಕ್ಕೇ ಹೇಳ್ತಿದೀನಿ."

ನನಗೆ ಎಂ.ಎಸ್ಸಿ. ಬೇಕಿತ್ತು. ಬಹಳ ಬೇಕಿತ್ತು. ಅದೇ ಕಪಾಟಿನ ಮುಂದೆ ಜೀವಮಾನ ಕಳೆಯಬೇಕು ಎಂಬುದು ಬಿಟ್ಟು ನನಗೆ ಬೇರೆ ಆಸೆಯೇ ಇರಲಿಲ್ಲ. ಆದರೆ ಎಲ್ಲಿಯದೋ ಹುಳಕ್ಕೆ ರಾಯಚೂರು ಎಂದು ಬರೆದವರನ್ನೆಲ್ಲ ನಂಬುತ್ತಾರೆ. ನಿಜವಾಗಿ ಇಲ್ಲಿ ಹಿಡಿದವಳು ನಾನೊಬ್ಬಳು. ನನ್ನನ್ನು ನಂಬಬೇಕಾದರೆ ನಾನು ಸುಳ್ಳು ಬರೆಯಬೇಕು! ಮೇಲೆ ಮಣ್ಣು ಬೇರೆ ತೊಳೆಯಬೇಕು. ಸ್ವಚ್ಛವಾಗಿ ಬಾ, ತೊಳೆದುಕೊಂಡು ಬಾ, ದೂರ ನಿಲ್ಲು. ಹುಟ್ಟಿದಾಗಿನಿಂದ ಕೇಳಿದ ಮಾತು. ನನಗೆ ಹೇಳಿದ್ದು ಸಾಲದೆಂದು ಈಗ ನನ್ನ ಹುಳಕ್ಕೂ ಹೇಳುತ್ತಿದ್ದರು.

ಸಂಜೆ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಅಪ್ಪ ಮಾನ್ವಿಯಿಂದ ರಾಯಚೂರಿಗೆ ಗಿರಣಿ ಕೆಲಸಕ್ಕೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಹುಡುಕಿದ್ದನಂತೆ. ಯಾರೋ ಹಿತೈಷಿಗಳು, "ನಿಮ್ಮ ಕೇರಿ ಹೆಸರು ಹೇಳಬ್ಯಾಡ, ಬ್ಯಾರೆ ಊರು, ಬ್ಯಾರೆ ಮಂದಿ ಅಂತ ಹೇಳು, ಮನಿ ಸಿಗ್ತದ," ಅಂದಿದ್ದರು. ಅಪ್ಪ ಆ ಸುಳ್ಳು ಹೇಳಲಿಲ್ಲ. ಅದಕ್ಕೇ ನಾನು ಹುಟ್ಟಿದ್ದು ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಈ ಕತೆಯನ್ನು ಅವ್ವ ಬೈಗುಳದಂತೆ ಹೇಳುತ್ತಿದ್ದಳು, ಅಪ್ಪ ಮಾತ್ರ ಎಂದೂ ಬಾಯಿ ಬಿಟ್ಟವನಲ್ಲ. ಆ ಸಂಜೆ ರೊಟ್ಟಿ ಮುರಿಯುತ್ತಾ ಕೇಳಿದ:

"ಹುಳ ಎಲ್ಲಿ ಸಿಕ್ಕಿತ್ತು?"

"ಅಜ್ಜಿ ಮನಿ ಮುಂದ, ಯಪ್ಪಾ."

"ಮತ್ತ ಕೇಳೂದೇನದ ಇದರಾಗ?"

ನಾನು ಚೀಟಿ ಬದಲಿಸಲಿಲ್ಲ. ಪೊರೆ ತೊಳೆಯಲಿಲ್ಲ.

ಪರೀಕ್ಷೆಗೆ ಹೊರಗಿನಿಂದ ಬಂದವರು ಇಸ್ತ್ರಿ ಮಾಡಿದ ಬಿಳಿ ಅಂಗಿಯವರು. ಸಾಲಾಗಿ ಇಟ್ಟ ಪೆಟ್ಟಿಗೆಗಳನ್ನು ನೋಡುತ್ತಾ ಬಂದರು. ಆ ರೆಕ್ಕೆ ಮುಕ್ಕಾದ ಪತಂಗದ ಮುಂದೆ, "ಗುಡ್, ಒಳ್ಳೆ ಕಲೆಕ್ಷನ್," ಅಂದರು. ನನ್ನ ಮುಂದೆ ನಿಂತು ಬಗ್ಗಿ ಚೀಟಿ ಓದಿದರು.

"ಇದನ್ನ ಯಾರ ಹತ್ರ ತಗೊಂಡೆ?"

"ಯಾರ ಹತ್ರನೂ ಇಲ್ರೀ ಸರ್. ಮಾನ್ವ್ಯಾಗ ನಾನೇ ಹಿಡದೀನಿ."

"ಮಾನ್ವಿಯಲ್ಲಿ ಇದು ಇರೋದಿಲ್ಲ. ಪುಸ್ತಕದಲ್ಲಿ ನೋಡಿದೀಯಾ?"

"ನೋಡೀನ್ರೀ. ಪುಸ್ತಕ ಬರದಾವ್ರು ಮಾನ್ವಿಗೆ ಬಂದಿಲ್ರೀ."

ಮೇಷ್ಟ್ರು ನೆಲ ನೋಡುತ್ತಿದ್ದರು. ಪರೀಕ್ಷಕರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಇನ್ನೂ ಕೆಟ್ಟದ್ದೆನಿಸಿತು. ತಿಳಿಹೇಳುವ ದನಿಯಲ್ಲಿ ಅಂದರು, "ಎಲ್ಲರೂ ಹೊರಗಿಂದ ತರಿಸ್ತಾರೆ, ಗೊತ್ತು. ನೀನು ಬೇರೆ ಕಡೆಯದು ಅಂತ ಒಪ್ಪಿಕೊಂಡು ಚೀಟಿ ತಿದ್ದಿಬಿಡು. ಪ್ರಾಮಾಣಿಕತೆಗೆ ಅಂತ ನಾನೇ ಅಂಕ ಕೊಡ್ತೀನಿ." ತಮ್ಮ ಪೆನ್ನನ್ನೂ ನನ್ನ ಕಡೆ ಚಾಚಿದರು.

ನಾನು ಪೆನ್ನು ಮುಟ್ಟಲಿಲ್ಲ. ಪೊರೆ ಎತ್ತಿ ಅವರ ಮುಂದೆ ಹಿಡಿದೆ. "ಈ ಮಣ್ಣು ನೋಡ್ರಿ ಸರ್. ಇದು ಎರಿ. ಘಟ್ಟದಾಗ ಈ ಮಣ್ಣು ಎಲ್ಲೈತ್ರೀ? ಇಲ್ಲೇ ನೆಲದಾಗ ಇದ್ದು ಹೊರಗ ಬಂದದ್ದು ಇದು." ಅವರ ಅಂಗಿಯ ತೋಳಿನ ಮೇಲೆ ಚಿಟಿಕೆಯಷ್ಟು ಮಣ್ಣು ಉದುರಿತು. ಅವರು ಪೊರೆಯನ್ನು ನೋಡಲಿಲ್ಲ, ತೋಳನ್ನು ನೋಡಿ ಕೊಡವಿಕೊಂಡರು. "ಪೆಟ್ಟಿಗೆ ಇಷ್ಟು ಗಲೀಜಾಗಿ ಇಡಬಾರದು," ಎಂದು ಅಂಕ ಬರೆದುಕೊಂಡು ಮುಂದಿನ ಮೇಜಿಗೆ ಹೋದರು.

ಫಸ್ಟ್ ಕ್ಲಾಸ್ ತಪ್ಪಿತು. ಥಿಯರಿಯಲ್ಲಿ ಬಂದದ್ದಕ್ಕೆ ಪೆಟ್ಟಿಗೆಯ ಅಂಕ ಸೇರಿದ್ದರೆ ಸಿಗುತ್ತಿತ್ತು. ಎಂ.ಎಸ್ಸಿ. ಸೀಟು ಸಿಗಲಿಲ್ಲ. ಅಳು ಅಡಗಿಸಿಕೊಳ್ಳಲಿಲ್ಲ, ಮನೆಯವರ ಎದುರಿಗೇ ಕೂತು ಅತ್ತೆ. ಅವ್ವ ಆ ಪರೀಕ್ಷಕರ ವಂಶವನ್ನೇ ತೆಗೆದು ಬೈದಳು, ಅದು ಸ್ವಲ್ಪ ತಂಪೆನಿಸಿತು. ಆದರೆ ಆ ಪೆನ್ನು ತೆಗೆದುಕೊಳ್ಳಬೇಕಿತ್ತು ಎಂದು ಅಂದೂ ಅನಿಸಲಿಲ್ಲ, ಇಂದೂ ಅನಿಸಿಲ್ಲ.

ಸರ್ಟಿಫಿಕೇಟ್ ತರಲು ಹೋದಾಗ ಮೇಷ್ಟ್ರು ನನ್ನ ಜೀರುಂಡೆಯನ್ನು ವಿಭಾಗದ ಗಾಜಿನ ಕಪಾಟಿಗೆ ಕೇಳಿದರು. ಅಷ್ಟು ಒಳ್ಳೆಯದು ಅವರ ಹತ್ತಿರ ಇರಲಿಲ್ಲ. "ಚೀಟಿ ಸಮೇತ ಇಡ್ತೀರಂದ್ರ ಇಟ್ಗೋರಿ ಸರ್," ಅಂದೆ. ಅವರು ತಲೆಯಾಡಿಸಿದರು. ಹುಳವನ್ನೂ ಪೊರೆಗಳನ್ನೂ ಕೊಟ್ಟು ಬಂದೆ.

ನಾನು ಬಿ.ಎಡ್. ಮಾಡಿ, ಎಂಬತ್ತರ ದಶಕದಲ್ಲಿ ದೇವದುರ್ಗದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆದೆ. ನನ್ನ ತರಗತಿಯಲ್ಲಿ ಯಾರೂ ಹಳೆಯ ಹುಳ ತರುವಂತಿರಲಿಲ್ಲ. ಸತ್ತ ನೊಣ ತಂದರೂ ಸರಿ, ಅದು ಅವರೇ ಹಿಡಿದದ್ದಾಗಿರಬೇಕು. ಹೆಡ್ ಮಾಸ್ಟರು, "ಏನ್ರೀ ಟೀಚರ್, ಸಾಲಿ ತುಂಬ ಹುಳ ಮಾಡೀರಿ," ಎಂದು ಗೊಣಗುತ್ತಿದ್ದರು.

ಒಂದು ವರ್ಷ ರಾಯಚೂರಿನ ಅದೇ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ನಮ್ಮ ಶಾಲೆಯ ಹುಡುಗಿಯರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಪ್ರಾಣಿಶಾಸ್ತ್ರದ ಕೋಣೆಯಲ್ಲಿ ಕಾಲೇಜಿನ ವಿದ್ಯಾರ್ಥಿಯೊಬ್ಬ ಕೋಲು ಹಿಡಿದು ಕಪಾಟು ತೋರಿಸುತ್ತಿದ್ದ. ನಾನು ಹಿಂದೆ ಬರುತ್ತಿದ್ದೆ. ಮುಂದೆ ನನ್ನ ಒಂಬತ್ತನೆಯ ತರಗತಿಯ ಗಬ್ಬೂರಿನ ಹುಡುಗಿ ಗಾಜಿಗೆ ಮೂಗು ಹಚ್ಚಿ ನಿಂತಿದ್ದಳು.

"ಇದು ನಮ್ಮ ಮನಿ ಮುಂದಿನ ಗಿಡದಾಗ ಅದಲ್ರೀ," ಎಂದು ಅವಳು ಆ ವಿದ್ಯಾರ್ಥಿಗೆ ಖುಷಿಯಿಂದ ಹೇಳಿದಳು.

ಅವನು ಕೋಲಿನಿಂದ ಚೀಟಿ ತಟ್ಟಿದ. "ಓದಾಕ ಬರೂದಿಲ್ಲೇನು? ಪಶ್ಚಿಮ ಘಟ್ಟ. ಇದು ನಮ್ ಕಡಿ ಇರೂದೇ ಇಲ್ಲ. ನೀ ಬ್ಯಾರೇದು ನೋಡಿರಬೇಕು."

ಹುಡುಗಿಯ ಮುಖ ಸಣ್ಣದಾಯಿತು. ಮತ್ತೊಮ್ಮೆ ಒಳಗೆ ನೋಡಿ, "ಹಂಗಾದ್ರ ನಾ ನೋಡಿದ್ದು ಬ್ಯಾರೇನೇ ಇರಬೇಕ್ರೀ," ಎಂದು ಹಿಂದೆ ಸರಿದಳು.

ನಾನು ಮುಂದೆ ಹೋಗಿ ನೋಡಿದೆ. ಎಡ ರೆಕ್ಕೆಯ ತುದಿ ಹರಿದಿತ್ತು. ನನ್ನದೇ ಜೀರುಂಡೆ. ಪಕ್ಕದಲ್ಲಿ ನನ್ನ ಪೊರೆಗಳು, ಚೆನ್ನಾಗಿ ತೊಳೆದು ಮಿರಿಮಿರಿ ಮಿಂಚುತ್ತಿದ್ದವು. ಕೆಳಗಿನ ಚೀಟಿಯಲ್ಲಿ ಮೇಷ್ಟ್ರ ದುಂಡು ಅಕ್ಷರ.

ಆಗ ನನಗೆ ಬಂದ ಸಿಟ್ಟು ಪರೀಕ್ಷೆಯ ದಿನದ ಸಿಟ್ಟಿನಂಥದ್ದಲ್ಲ. ಅಂದು ಹೋದದ್ದು ನನ್ನ ಅಂಕ, ಹೋಗಲಿ. ಈಗ ನಾನು ಮಾನ್ವಿಯಲ್ಲಿ ಹಿಡಿದ ಹುಳವೇ ಮಾನ್ವಿಯಲ್ಲಿ ಹುಳವಿಲ್ಲ ಎಂದು ಸಾಕ್ಷಿ ಹೇಳುತ್ತಿತ್ತು. ನನ್ನ ಕೈಯಾರೆ ಕೊಟ್ಟದ್ದನ್ನು ತೋರಿಸಿ, ನಮ್ಮ ಹುಡುಗಿಗೆ ಅವಳ ಕಣ್ಣನ್ನೇ ನಂಬಬೇಡ ಎನ್ನುತ್ತಿದ್ದರು. ಅವಳೂ ನಂಬದೆ ಹಿಂದೆ ಸರಿದಿದ್ದಳು.

ಮೇಷ್ಟ್ರು ಆ ಕೋಣೆಯ ಮೂಲೆಯ ಮೇಜಿನಲ್ಲೇ ಕೂತಿದ್ದರು. ತಲೆ ನರೆತಿತ್ತು. ನನ್ನನ್ನು ಗುರುತು ಹಿಡಿದು ನಕ್ಕರು.

"ಕಪಾಟಿನ ಕೀಲಿ ಕೊಡ್ರಿ ಸರ್."

ಅವರಿಗೆ ಕೂಡಲೇ ಗೊತ್ತಾಯಿತು. "ಬಂದವರೆಲ್ಲ ಆ ಚೀಟಿ ನೋಡಿ ಕೇಳ್ತಿದ್ರಮ್ಮ, ಇದೇನು ತಪ್ಪು ಬರೆದಿದೀರಿ ಅಂತ. ಉತ್ತರ ಹೇಳಿ ಹೇಳಿ ಸಾಕಾಗಿ... ನಿನ್ನ ಹೆಸರು ಕೆಡಬಾರದು ಅಂತಲೂ."

"ನನ್ನ ಹೆಸರು ಕೆಟ್ರ ಕೆಡ್ಲಿ. ಕೀಲಿ ಕೊಡ್ರಿ. ಹುಳ ನಾ ಒಯ್ತೀನಿ."

"ಅದು ಈಗ ಕಾಲೇಜಿನ ಆಸ್ತಿ."

"ಆಸ್ತಿ ನಿಮ್ದ ಇರಲ್ರೀ ಸರ್. ಊರು ನಂದು. ಊರು ಬರದ್ರ ಹುಳ ಇಲ್ಲೇ ಇರಲಿ, ಇಲ್ಲಂದ್ರ ನನ್ನ ಕೂಡ ಬರ್ತದ. ನಿಮ್ಮ ಹುಡುಗ ಈಗ ನಮ್ಮ ಹುಡಿಗಿಗೆ ನಿನ್ನ ಕಣ್ಣು ಸುಳ್ಳು ಅಂದಾನ. ಆಕಿ ಗಬ್ಬೂರಾಕಿ ಅದಾಳ. ಈ ಹುಳ ಜೀವಂತ ನೋಡಿದಾವ್ರು ಇಡೀ ಕ್ವಾಣ್ಯಾಗ ಆಕಿ ಮತ್ತ ನಾನು, ಇಬ್ಬರೇ."

ಕೋಲು ಹಿಡಿದ ವಿದ್ಯಾರ್ಥಿ ಕೋಲನ್ನು ಬೆನ್ನ ಹಿಂದೆ ಇಟ್ಟುಕೊಂಡ. ನನ್ನ ಹುಡುಗಿಯರು ಬಾಗಿಲ ಹತ್ತಿರ ಗುಂಪಾಗಿ ನಿಂತು ನನ್ನನ್ನೇ ನೋಡುತ್ತಿದ್ದರು, ಟೀಚರಿಗೆ ಏನಾಯಿತೋ ಎಂಬಂತೆ. ಮೇಷ್ಟ್ರು ಮೇಜಿನ ಖಾನೆಯಿಂದ ಕೀಲಿ ತೆಗೆದರು. ಅವರು ಕೆಟ್ಟವರಲ್ಲ, ಯಾರ ಜೊತೆಗೂ ಜಗಳ ಬೇಡ ಎನ್ನುವವರು. ಆ ದಿನ ನನ್ನ ಜೊತೆಗೂ ಜಗಳ ಬೇಡವಾಗಿತ್ತೋ, ಅಥವಾ ನಿಜವಾಗಿ ಮನಸ್ಸಿಗೆ ತಟ್ಟಿತೋ, ನನಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಎದ್ದು ಹೋಗಿ ಕಪಾಟು ತೆಗೆದರು. ಹಳೆಯ ಚೀಟಿಯನ್ನು ಸೂಜಿಯಿಂದ ಬಿಡಿಸಿ, ಮೇಜಿನ ಮೇಲೆ ಹೊಸ ಚೀಟಿ ಇಟ್ಟು, ಪೆನ್ನಿನ ಟೊಪ್ಪಿಗೆ ತೆಗೆದು, ಮಾನ್ವಿ ಎಂದು ಬರೆದರು. ಪೊರೆಗಳಲ್ಲಿ ಗಬ್ಬೂರಿನವೂ ಇದ್ದವು, ಅದರ ಪಕ್ಕದಲ್ಲಿ ಗಬ್ಬೂರು ಎಂದೂ ಬರೆಯಿರಿ ಅಂದೆ. ಅದನ್ನೂ ಬರೆದರು. ಅಕ್ಷರಗಳು ಇರುವೆ ಗಾತ್ರದಲ್ಲಿದ್ದವು. ನಾನು ಚೀಟಿ ಎತ್ತಿ ನೋಡಿ ಅವರ ಮುಂದೆ ವಾಪಸ್ ಇಟ್ಟೆ.

"ಸಣ್ಣದಾತ್ರೀ ಸರ್. ಹುಡಿಗ್ಯಾರು ದೂರ ನಿಂತಾರ, ಅಲ್ಲಿಗೂ ಕಾಣಬೇಕು. ಇನ್ನೊಂದು ಚೀಟಿ ತಗೋರಿ."